ಮೂರನೇ ಸಲ ಕಾಪಿ ಮಾಡುವ ಮೊದಲು: ಡೆಸ್ಕ್‌ಟಾಪ್ ಸಾಫ್ಟ್‌ವೇರ್‌ಗೆ ನಿಮ್ಮದೇ ಕ್ಲಾಸ್ ಲೈಬ್ರರಿ ಕಟ್ಟುವುದು ಹೇಗೆ

ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಬರೆಯುವವರ ಹತ್ತಿರ ಸಾಮಾನ್ಯವಾಗಿ ಒಂದು ಫೋಲ್ಡರ್ ಇರುತ್ತದೆ. ಹಳೆ ಪ್ರಾಜೆಕ್ಟ್‌ಗಳಿಂದ ಎತ್ತಿಕೊಂಡು ಬಂದ ಫೈಲ್‌ಗಳೆಲ್ಲ ಅದರಲ್ಲಿ. ಸೆಟ್ಟಿಂಗ್ಸ್ ಉಳಿಸುವ ಕೋಡ್, ವಿಂಡೋವನ್ನು ಹೋದ ಸಲದ ಜಾಗದಲ್ಲೇ ತೆರೆಯುವ ಕೋಡ್, "ಅಳಿಸಲೇ?" ಎಂದು ಕೇಳುವ ಕೋಡ್. ಹೊಸ ಕೆಲಸ ಶುರುವಾದಾಗ ಅದನ್ನೇ ಕಾಪಿ ಮಾಡುತ್ತೇವೆ, ಎರಡು ಸಾಲು ಬದಲಿಸುತ್ತೇವೆ, ಮುಂದಕ್ಕೆ ಹೋಗುತ್ತೇವೆ. ಒಂದು ದಿನ ಅದರಲ್ಲಿ ಬಗ್ ಸಿಗುತ್ತದೆ. ಸಿಕ್ಕ ಕಡೆ ಸರಿ ಮಾಡುತ್ತೇವೆ. ಉಳಿದ ಐದು ಕಾಪಿ ಎಲ್ಲೆಲ್ಲಿವೆ ಅಂತ ಯಾರಿಗೂ ನೆನಪಿರುವುದಿಲ್ಲ.

ಆ ಫೋಲ್ಡರನ್ನು ನಂಬಬಹುದಾದ ಕ್ಲಾಸ್ ಲೈಬ್ರರಿಯಾಗಿ, ಅಂದರೆ ಬೇರೆ ಬೇರೆ ಪ್ರೋಗ್ರಾಮ್‌ಗಳು ಬಳಸಬಹುದಾದ ಕೋಡ್ ಘಟಕಗಳ (ಕ್ಲಾಸ್‌ಗಳ) ಸಂಗ್ರಹವಾಗಿ, ಮಾಡುವ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಉದಾಹರಣೆಗಳು ಸಿ ಶಾರ್ಪ್ ಭಾಷೆ ಮತ್ತು ಅದು ಓಡುವ ಮೈಕ್ರೋಸಾಫ್ಟ್‌ನ ಡಾಟ್ ನೆಟ್ ವೇದಿಕೆಯವು, ನಾನು ದಿನಾ ಕೆಲಸ ಮಾಡುವುದು ಅದರಲ್ಲೇ. ಜಾವಾದಲ್ಲೋ ಕ್ಯೂಟಿಯಲ್ಲೋ (ಸಿ ಪ್ಲಸ್ ಪ್ಲಸ್‌ನವರು ಬಳಸುವ ಲೈಬ್ರರಿ) ಬರೆಯುವವರಿಗೆ ಹೆಸರುಗಳು ಬೇರೆ, ತೊಂದರೆಗಳು ಮಾತ್ರ ಇವೇ. ಇನ್ನೊಂದು ಮಾತು. ಇಂಟರ್‌ಫೇಸ್ ಅನ್ನುವ ಪದವನ್ನು ನಾವು ಎರಡು ಅರ್ಥದಲ್ಲಿ ಬಳಸುತ್ತೇವೆ: ಕಣ್ಣಿಗೆ ಕಾಣುವ ಪರದೆ ಒಂದು, ಕೋಡ್‌ನಲ್ಲಿ ಬರೆಯುವ ಒಪ್ಪಂದ ಇನ್ನೊಂದು. ಗೊಂದಲ ಬೇಡ ಅಂತ ಮೊದಲನೆಯದಕ್ಕೆ ಸ್ಕ್ರೀನ್ ಅಂತಲೂ ಎರಡನೆಯದಕ್ಕೆ ಇಂಟರ್‌ಫೇಸ್ ಅಂತಲೂ ಬರೆಯುತ್ತೇನೆ.

ಮೊದಲು: ಯಾವುದನ್ನು ಹೊರತೆಗೆಯಬೇಕು

"ಮುಂದೆ ಬೇಕಾಗಬಹುದು" ಅಂತ ಮೊದಲೇ ಕ್ಲಾಸ್ ಬರೆಯಬೇಡಿ. ಊಹೆ ಮಾಡಿ ಬರೆದದ್ದು ಹೆಚ್ಚಿನ ಸಲ ಯಾರ ಅಳತೆಗೂ ಕೂರುವುದಿಲ್ಲ. ಒಂದೇ ಕೆಲಸ ಮೂರನೇ ಸಲ ಎದುರಾದಾಗ ಕೈ ಹಾಕಿ. ಎರಡು ಕಡೆ ಒಂದೇ ರೀತಿ ಕಂಡರೆ ಅದು ಬರೀ ಹೋಲಿಕೆ ಇರಬಹುದು. ಮೂರು ಕಡೆ ಇದ್ದರೆ ಏನು ಬದಲಾಗುತ್ತದೆ, ಏನು ಹಾಗೇ ಉಳಿಯುತ್ತದೆ ಅನ್ನುವುದು ಎದ್ದು ಕಾಣುತ್ತದೆ.

ಮೂರೂ ಕಾಪಿಗಳನ್ನು ಅಕ್ಕಪಕ್ಕ ತೆರೆದಿಡಿ. ಬೇರೆಯಾಗಿರುವ ಸಾಲುಗಳನ್ನು ಗುರುತು ಮಾಡಿ. ಅವು ಪ್ಯಾರಾಮೀಟರ್ (ಕರೆಯುವವರು ಹೊರಗಿನಿಂದ ಕೊಡುವ ಮಾಹಿತಿ) ಆಗುತ್ತವೆ, ಉಳಿದದ್ದು ಕ್ಲಾಸ್ ಒಳಗೆ ಹೋಗುತ್ತದೆ. ಪ್ಯಾರಾಮೀಟರ್‌ಗಳು ಐದಾರು ಆದರೆ, ಅದರಲ್ಲೂ ಎರಡು ಮೂರು ಬರೀ ಹೌದು-ಇಲ್ಲ ಆಗಿದ್ದರೆ, ಅಲ್ಲೇ ನಿಲ್ಲಿ. ಅಲ್ಲಿ ಎರಡು ಬೇರೆ ಕೆಲಸಗಳು ಒಂದೇ ಅಂಗಿಯೊಳಗೆ ತೂರಿಕೊಂಡಿವೆ. ಬಿಡಿಸಿ ಎರಡು ಕ್ಲಾಸ್ ಮಾಡಿ.

ಹೊರತೆಗೆದ ಮೇಲೆ ಪ್ರತಿ ಸಾಲನ್ನೂ ಒಂದು ಪ್ರಶ್ನೆ ಕೇಳಿ: ಇದು ಈ ಕ್ಲಾಸ್‌ಗೆ ಗೊತ್ತಿರಬೇಕಾ? ಯಾವ ಸ್ಕ್ರೀನ್‌ನಿಂದ ಕರೆದರು, ಫೈಲ್ ಯಾವ ಫೋಲ್ಡರ್‌ನಲ್ಲಿದೆ, ಎದುರಿಗೆ ಮನುಷ್ಯ ಕೂತಿದ್ದಾನಾ ಇಲ್ಲವಾ. ಇವುಗಳಲ್ಲಿ ಒಂದು ಗೊತ್ತಿದ್ದರೂ ಆ ಕ್ಲಾಸ್ ಇನ್ನೊಂದು ಪ್ರೋಗ್ರಾಮ್‌ಗೆ ಹೋದಾಗ ತಕರಾರು ಮಾಡುತ್ತದೆ. ಕೆಳಗಿನ ಎಲ್ಲ ಹಂತಗಳಲ್ಲೂ ನಾನು ಮಾಡುವುದು ಇದೇ ಪ್ರಶ್ನೆ ಕೇಳುವುದು.

ಎರಡು ಲೈಬ್ರರಿ, ಒಂದಲ್ಲ

ಸಲ್ಯೂಷನ್‌ನಲ್ಲಿ (ಒಟ್ಟಿಗೆ ಇಡುವ ಪ್ರಾಜೆಕ್ಟ್‌ಗಳ ಗುಂಪಿನಲ್ಲಿ) ಎರಡು ಕ್ಲಾಸ್ ಲೈಬ್ರರಿ ಪ್ರಾಜೆಕ್ಟ್ ಮಾಡಿ. ಒಂದರ ಹೆಸರು ಕೋರ್ ಅಂತಿರಲಿ. ಅದಕ್ಕೆ ಸ್ಕ್ರೀನ್ ಕಟ್ಟುವ ವಿನ್‌ಫಾರ್ಮ್ಸ್, ಡಬ್ಲ್ಯೂಪಿಎಫ್ ಯಾವುದರ ರೆಫರೆನ್ಸೂ (ಬಳಸಲು ಬೇಕಾದ ಕೊಂಡಿ) ಕೊಡಬೇಡಿ. ಇನ್ನೊಂದು ಸ್ಕ್ರೀನ್‌ಗೆ ಸಂಬಂಧಪಟ್ಟದ್ದು. ಎರಡನೆಯದು ಮೊದಲನೆಯದನ್ನು ಬಳಸಬಹುದು, ಮೊದಲನೆಯದಕ್ಕೆ ಎರಡನೆಯದು ಇರುವುದೇ ಗೊತ್ತಿರಬಾರದು. ರೆಫರೆನ್ಸ್ ಇಲ್ಲದಿದ್ದರೆ ಯಾರಾದರೂ ಅವಸರದಲ್ಲಿ ಕೋರ್ ಒಳಗೆ ಮೆಸೇಜ್ ಬಾಕ್ಸ್ ಹಾಕಲು ಹೋದಾಗ ಕಂಪೈಲರ್ರೇ ತಡೆಯುತ್ತದೆ, ನೀವು ಕಾವಲು ಕೂರಬೇಕಿಲ್ಲ.

ವಿನ್‌ಫಾರ್ಮ್ಸ್ ಬಂದದ್ದು 2002ರಲ್ಲಿ, ಡಬ್ಲ್ಯೂಪಿಎಫ್ 2006ರಲ್ಲಿ. ಎರಡರಲ್ಲೂ ಬರೆದ ಪ್ರೋಗ್ರಾಮ್‌ಗಳು ಇವತ್ತಿಗೂ ಓಡುತ್ತಿವೆ. ಡೆಸ್ಕ್‌ಟಾಪ್ ಸಾಫ್ಟ್‌ವೇರ್‌ಗೆ ಆಯಸ್ಸು ಜಾಸ್ತಿ. ಸ್ಕ್ರೀನ್ ಬದಲಾದರೂ ಕೋರ್ ಹಾಗೇ ಉಳಿಯಬೇಕು.

ಹೆಸರಿನ ವಿಷಯ. "ಯುಟಿಲ್ಸ್", "ಹೆಲ್ಪರ್", "ಕಾಮನ್" ಅಂತ ಕ್ಲಾಸ್‌ಗೆ ಹೆಸರಿಡಬೇಡಿ. ಎಲ್ಲಿ ಹಾಕಬೇಕೋ ತಿಳಿಯದ ಮೆಥಡ್‌ಗಳೆಲ್ಲ (ಕ್ಲಾಸ್ ಒಳಗಿನ ಒಂದೊಂದು ಕೆಲಸದ ಕೋಡ್) ಅಲ್ಲಿಗೇ ಬಂದು ಬೀಳುತ್ತವೆ. ಮಾಡುವ ಕೆಲಸದ ಹೆಸರಿಡಿ: ಸೇಫ್‌ಫೈಲ್‌ರೈಟರ್, ಡಿಬೌನ್ಸರ್, ವಿಂಡೋಪ್ಲೇಸ್‌ಮೆಂಟ್. ಹೆಸರು ಹೊಳೆಯುತ್ತಿಲ್ಲ ಅಂದರೆ ಕ್ಲಾಸ್ ಏನು ಮಾಡುತ್ತದೆ ಅನ್ನುವುದೇ ಇನ್ನೂ ತೀರ್ಮಾನವಾಗಿಲ್ಲ.

ಮೊದಲ ಕ್ಲಾಸ್: ಫೈಲ್ ಹಾಳಾಗದಂತೆ ಉಳಿಸುವುದು

ಎಲ್ಲಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಇದು ಎಲ್ಲ ಪ್ರೋಗ್ರಾಮ್‌ಗೂ ಬೇಕು, ನೋಡಲು ಸುಲಭ, ಆದರೂ ಬಹಳಷ್ಟು ಕಡೆ ತಪ್ಪಾಗಿರುತ್ತದೆ.

ಸಾಮಾನ್ಯವಾಗಿ ಮಾಡುವುದೇನು? ಫೈಲ್ ಕ್ಲಾಸ್‌ನ ರೈಟ್‌ಆಲ್‌ಟೆಕ್ಸ್ಟ್ ಕರೆಯುತ್ತೇವೆ, ಒಂದೇ ಸಾಲು. ಅದು ಮೊದಲು ಇರುವ ಫೈಲನ್ನು ಖಾಲಿ ಮಾಡುತ್ತದೆ, ಆಮೇಲೆ ಹೊಸದನ್ನು ಬರೆಯುತ್ತದೆ. ಈ ಎರಡರ ನಡುವೆ ಕರೆಂಟ್ ಹೋದರೆ, ಅಥವಾ ಬಳಸುವವರು ಟಾಸ್ಕ್ ಮ್ಯಾನೇಜರ್‌ನಿಂದ ಪ್ರೋಗ್ರಾಮ್ ನಿಲ್ಲಿಸಿದರೆ, ಹಳೆಯದೂ ಇಲ್ಲ, ಹೊಸದೂ ಇಲ್ಲ. ಸೊನ್ನೆ ಬೈಟ್ ಫೈಲ್ ಒಂದು ಉಳಿಯುತ್ತದೆ. ಮುಂದಿನ ಸಲ ಪ್ರೋಗ್ರಾಮ್ ತೆರೆಯುವುದೇ ಇಲ್ಲ.

ಸರಿಯಾದ ಕ್ರಮ ಹೀಗೆ. ಅದೇ ಫೋಲ್ಡರ್‌ನಲ್ಲಿ ಬೇರೆ ಹೆಸರಿನ ತಾತ್ಕಾಲಿಕ ಫೈಲ್ ತೆರೆಯಿರಿ. ಅದೇ ಫೋಲ್ಡರ್ ಅನ್ನುವುದು ಮುಖ್ಯ. ವಿಂಡೋಸ್‌ನ ಟೆಂಪ್ ಫೋಲ್ಡರ್ ಬೇರೆ ಡ್ರೈವ್‌ನಲ್ಲಿದ್ದರೆ ಹೆಸರು ಬದಲಿಸುವ ಕೆಲಸ ಒಂದೇ ಹೆಜ್ಜೆಯಲ್ಲಿ ಆಗುವುದಿಲ್ಲ, ಮತ್ತೆ ಬೈಟ್‌ಗಳನ್ನು ಕಾಪಿ ಮಾಡಬೇಕಾಗುತ್ತದೆ, ಆಗ ಮೊದಲಿನ ಅಪಾಯವೇ ವಾಪಸ್ ಬರುತ್ತದೆ. ಪೂರ್ತಿ ಬರೆದು ಮುಗಿಸಿ. ಫೈಲ್‌ಸ್ಟ್ರೀಮ್‌ನ ಫ್ಲಶ್ ಮೆಥಡ್‌ಗೆ ಟ್ರೂ ಕೊಟ್ಟು ಕರೆಯಿರಿ, ಆಗ ಆಪರೇಟಿಂಗ್ ಸಿಸ್ಟಮ್ ಕೈಯಲ್ಲಿ ಹಿಡಿದಿಟ್ಟುಕೊಂಡದ್ದೂ ಡಿಸ್ಕ್‌ಗೆ ಹೋಗುತ್ತದೆ. ಸುಮ್ನೆ ಫ್ಲಶ್ ಅಂದರೆ ಸಾಲದು. ಫೈಲ್ ಮುಚ್ಚಿ. ಕೊನೆಗೆ ಫೈಲ್ ಕ್ಲಾಸ್‌ನ ರಿಪ್ಲೇಸ್ ಮೆಥಡ್ ಕರೆದು ಹೊಸದನ್ನು ಹಳೆಯದರ ಜಾಗಕ್ಕೆ ತನ್ನಿ, ಹಳೆಯದಕ್ಕೆ ಬ್ಯಾಕಪ್ ಹೆಸರು ಕೊಡಿ.

ಮೊದಲ ಸಲ ಓಡುವಾಗ ಹಳೆ ಫೈಲ್ ಇರುವುದೇ ಇಲ್ಲ ಅಲ್ವಾ? ಆಗ ರಿಪ್ಲೇಸ್ ಎಕ್ಸೆಪ್ಶನ್ (ಕೆಲಸ ನಿಲ್ಲಿಸುವ ದೋಷದ ಸೂಚನೆ) ಎಸೆಯುತ್ತದೆ. ಅದಕ್ಕೇ ಫೈಲ್ ಇದೆಯೇ ಅಂತ ನೋಡಿ, ಇಲ್ಲದಿದ್ದರೆ ಮೂವ್ ಬಳಸಿ. ಇನ್ನು ಕೆಲವೊಮ್ಮೆ ಆಂಟಿವೈರಸ್ಸೋ ಬ್ಯಾಕಪ್ ಸಾಫ್ಟ್‌ವೇರ್ರೋ ಅದೇ ಕ್ಷಣಕ್ಕೆ ಫೈಲನ್ನು ಹಿಡಿದುಕೊಂಡಿರುತ್ತದೆ. 100 ಮಿಲಿಸೆಕೆಂಡ್ ಬಿಟ್ಟು ಮತ್ತೆ ಪ್ರಯತ್ನಿಸಿ, ನಾಲ್ಕೈದು ಸಲ ಆದಮೇಲೂ ಆಗದಿದ್ದರೆ ಎಕ್ಸೆಪ್ಶನ್ ಹೊರಗೆ ಹೋಗಲಿ. ಓದುವ ಮೆಥಡ್ ಮುಖ್ಯ ಫೈಲ್ ಓದಲಾಗದಿದ್ದರೆ ಬ್ಯಾಕಪ್ ನೋಡಲಿ, ಬ್ಯಾಕಪ್‌ನಿಂದ ಓದಿದೆ ಅನ್ನುವುದನ್ನು ಕರೆದವರಿಗೆ ತಿಳಿಸಲಿ.

ಕ್ಯೂಟಿಯಲ್ಲಿ ಬರೆಯುವವರಿಗೆ ಇಷ್ಟು ಕಷ್ಟವಿಲ್ಲ, ಕ್ಯೂಸೇವ್‌ಫೈಲ್ ಅನ್ನುವ ಕ್ಲಾಸ್ ಇದೇ ಕೆಲಸಕ್ಕೆ ಇದೆ. ನಿಮ್ಮ ಭಾಷೆಯಲ್ಲಿ ಇಂಥದ್ದು ಇದೆಯೇ ಅಂತ ಮೊದಲು ಹುಡುಕಿ.

ಈಗ ಆ ಪ್ರಶ್ನೆ. ಫೈಲ್ ಯಾವ ಫೋಲ್ಡರ್‌ನಲ್ಲಿದೆ ಅನ್ನುವುದು ಸೇಫ್‌ಫೈಲ್‌ರೈಟರ್‌ಗೆ ಗೊತ್ತಿರಬೇಕಾ? ಬೇಡ. ಪಾತ್ ಹೊರಗಿನಿಂದ ಬರಲಿ. ಫೋಲ್ಡರ್ ಆರಿಸುವುದಕ್ಕೆ ಇನ್ನೊಂದು ಪುಟ್ಟ ಕ್ಲಾಸ್ ಇರಲಿ. ಪ್ರೋಗ್ರಾಮ್ ಫೈಲ್ಸ್ ಒಳಗೆ ಸಾಮಾನ್ಯ ಬಳಕೆದಾರರಿಗೆ ಬರೆಯುವ ಅನುಮತಿ ಇರುವುದಿಲ್ಲ. ನಿಮ್ಮ ಮಷಿನ್‌ನಲ್ಲಿ ಅಡ್ಮಿನ್ ಆಗಿ ಓಡಿಸುವಾಗ ಇದು ಗೊತ್ತೇ ಆಗುವುದಿಲ್ಲ, ಬೇರೆಯವರ ಮಷಿನ್‌ನಲ್ಲಿ ಗೊತ್ತಾಗುತ್ತದೆ. ಸೆಟ್ಟಿಂಗ್ಸ್ ಆಪ್‌ಡೇಟಾದ (ವಿಂಡೋಸ್ ಪ್ರತಿ ಬಳಕೆದಾರರಿಗೆ ಇಡುವ ಫೋಲ್ಡರ್) ರೋಮಿಂಗ್‌ಗೆ ಹೋಗಲಿ, ಕ್ಯಾಶ್ ಮತ್ತು ಲಾಗ್ ಲೋಕಲ್‌ಗೆ. ಈ ಪಾತ್‌ಗಳನ್ನು ಕೈಯಾರೆ ಬರೆಯಬೇಡಿ, ಎನ್ವಿರಾನ್‌ಮೆಂಟ್ ಕ್ಲಾಸ್‌ನ ಗೆಟ್‌ಫೋಲ್ಡರ್‌ಪಾತ್ ಕೊಡುತ್ತದೆ.

ಫೈಲ್‌ಗೆ ಅಂಕಿ ಬರೆಯುವಾಗ ಇನ್ನೊಂದು ಎಚ್ಚರಿಕೆ. ಜರ್ಮನ್ ಸೆಟ್ಟಿಂಗ್ ಇರುವ ವಿಂಡೋಸ್‌ನಲ್ಲಿ 12.5 ಅನ್ನುವುದು 12,5 ಎಂದು ಬರೆದುಕೊಳ್ಳುತ್ತದೆ. ಆ ಫೈಲನ್ನು ಬೇರೆ ಕಡೆ ತೆರೆದರೆ ಎಕ್ಸೆಪ್ಶನ್ ಬರಬಹುದು, ಇಲ್ಲವೇ 125 ಆಗಿ ಓದಿಕೊಳ್ಳಬಹುದು. ಎರಡನೆಯದು ಇನ್ನೂ ಕೆಟ್ಟದ್ದು, ಯಾಕೆಂದರೆ ಯಾರಿಗೂ ಗೊತ್ತಾಗುವುದಿಲ್ಲ. ಫೈಲ್‌ಗೆ ಇನ್‌ವೇರಿಯಂಟ್ ಕಲ್ಚರ್ (ಯಾವ ದೇಶದ ಸೆಟ್ಟಿಂಗ್‌ಗೂ ಬದಲಾಗದ ಬರೆಯುವ ರೀತಿ), ಸ್ಕ್ರೀನ್‌ಗೆ ಬಳಸುವವರ ಕಲ್ಚರ್.

ಇಂಟರ್‌ಫೇಸ್ ಎಲ್ಲಿ ಬೇಕು

ಹಿಂದೆ ನಾನು ಒಂದು ಕಡೆ ಕೆಲಸ ಮಾಡುವಾಗ ಲೆಕ್ಕ ಹಾಕುವ ಒಂದು ಕ್ಲಾಸ್ ಬರೆದಿದ್ದೆ. ಇನ್‌ಪುಟ್ ಸಾಲಿನಲ್ಲಿ ತಪ್ಪಿದ್ದರೆ ಅದೇ ಮೆಸೇಜ್ ಬಾಕ್ಸ್ ತೋರಿಸುತ್ತಿತ್ತು. ಸ್ಕ್ರೀನ್‌ನಿಂದ ಬಳಸುವವರೆಗೂ ಏನೂ ತೊಂದರೆ ಇರಲಿಲ್ಲ. ಆಮೇಲೆ ಅದೇ ಕ್ಲಾಸನ್ನು ರಾತ್ರಿ ತಾನಾಗಿಯೇ ಓಡುವ ಕೆಲಸಕ್ಕೆ ಹಾಕಿದೆವು. ಬೆಳಗ್ಗೆ ಬಂದು ನೋಡಿದರೆ ನೂರಾರು ಫೈಲ್‌ಗಳಲ್ಲಿ ಎರಡು ಮುಗಿದಿವೆ. ಮೂರನೆಯದರಲ್ಲಿ ಒಂದು ತಾರೀಖು ತಪ್ಪಿತ್ತು. ಪರದೆ ಮೇಲೆ ಬಾಕ್ಸ್ ತೆರೆದುಕೊಂಡು, ಓಕೆ ಒತ್ತುವವರಿಗಾಗಿ ರಾತ್ರಿಯಿಡೀ ಕಾಯುತ್ತಾ ನಿಂತಿತ್ತು.

ಎದುರಿಗೆ ಮನುಷ್ಯ ಇದ್ದಾನೆ ಅಂತ ಆ ಕ್ಲಾಸ್ ಅಂದುಕೊಂಡಿತ್ತು. ಅದು ಅಂದುಕೊಳ್ಳಬೇಕಾದ ವಿಷಯ ಅಲ್ಲ.

ಇಲ್ಲಿಗೆ ಇಂಟರ್‌ಫೇಸ್ ಬೇಕು. ಕೋರ್‌ನಲ್ಲಿ ಐಡೈಲಾಗ್‌ಸರ್ವಿಸ್ ಅಂತ ಒಂದನ್ನು ಮಾಡಿ, ಮೂರೇ ಮೆಥಡ್: ತಿಳಿಸು, ಕೇಳು, ಫೈಲ್ ಆರಿಸು. ತಿಳಿಸು ಅನ್ನುವುದು ಏನೂ ವಾಪಸ್ ಕೊಡುವುದಿಲ್ಲ. ಕೇಳು ಅನ್ನುವುದು ಹೌದು ಅಥವಾ ಇಲ್ಲ ಕೊಡುತ್ತದೆ. ಫೈಲ್ ಆರಿಸು ಪಾತ್ ಕೊಡುತ್ತದೆ, ಕ್ಯಾನ್ಸಲ್ ಒತ್ತಿದರೆ ನಲ್ (ಏನೂ ಇಲ್ಲ). ವಿನ್‌ಫಾರ್ಮ್ಸ್‌ನ ಡೈಲಾಗ್‌ರಿಸಲ್ಟ್ ಟೈಪನ್ನು ಇಲ್ಲಿ ತರಬೇಡಿ. ಒಂದು ಟೈಪ್ ಒಳಗೆ ಬಂದರೆ ಅದರ ಹಿಂದೆಯೇ ಇಡೀ ವಿನ್‌ಫಾರ್ಮ್ಸ್ ಕೋರ್‌ಗೆ ಬರುತ್ತದೆ.

ನಿಜವಾದ ಅಳವಡಿಕೆ ಸ್ಕ್ರೀನ್ ಲೈಬ್ರರಿಯಲ್ಲಿರಲಿ. ಅಲ್ಲಿ ಮೆಸೇಜ್ ಬಾಕ್ಸ್ ತೆರೆಯುವಾಗ ಓನರ್ ವಿಂಡೋ ಕೊಡುವುದನ್ನು ಮರೆಯಬೇಡಿ, ಕೊಡದಿದ್ದರೆ ಕೆಲವೊಮ್ಮೆ ಬಾಕ್ಸ್ ಮುಖ್ಯ ವಿಂಡೋದ ಹಿಂದೆ ಅಡಗಿಕೊಳ್ಳುತ್ತದೆ, ಬಳಸುವವರು ಪ್ರೋಗ್ರಾಮ್ ಹ್ಯಾಂಗ್ ಆಯಿತು ಅಂದುಕೊಳ್ಳುತ್ತಾರೆ. ರಾತ್ರಿ ಓಡುವ ಕೆಲಸಕ್ಕೆ ಎರಡನೇ ಅಳವಡಿಕೆ: ತಿಳಿಸುವುದನ್ನು ಲಾಗ್‌ಗೆ ಬರೆಯುತ್ತದೆ, ಕೇಳಿದ್ದಕ್ಕೆಲ್ಲ "ಇಲ್ಲ" ಅನ್ನುತ್ತದೆ. ಟೆಸ್ಟ್‌ಗೆ ಮೂರನೆಯದು: ಏನೇನು ಕೇಳಿದರು ಅನ್ನುವುದನ್ನು ಪಟ್ಟಿಯಲ್ಲಿಟ್ಟುಕೊಂಡು, ನೀವು ಮೊದಲೇ ಹೇಳಿಕೊಟ್ಟ ಉತ್ತರ ಕೊಡುತ್ತದೆ. ಇದಾದ ಮೇಲೆ "ಅಳಿಸಲೇ?" ಅಂತ ಕೇಳದೆ ಯಾವುದನ್ನೂ ಅಳಿಸುವುದಿಲ್ಲ ಅನ್ನುವುದನ್ನು ಒಂದು ವಿಂಡೋ ಕೂಡ ತೆರೆಯದೆ ಪರೀಕ್ಷೆ ಮಾಡಬಹುದು.

ಇಂಟರ್‌ಫೇಸ್ ಚಿಕ್ಕದಿರಲಿ. ನಾಳೆ ಅದಕ್ಕೆ ಒಂದು ಮೆಥಡ್ ಸೇರಿಸಿದರೆ ಅದನ್ನು ಅಳವಡಿಸಿದ ಎಲ್ಲ ಕ್ಲಾಸ್‌ಗಳೂ ಕಂಪೈಲ್ ಆಗುವುದು ನಿಲ್ಲುತ್ತವೆ. ಸಿ ಶಾರ್ಪ್ 8ರಿಂದ ಇಂಟರ್‌ಫೇಸ್‌ನಲ್ಲೇ ಡಿಫಾಲ್ಟ್ ಮೆಥಡ್ ಬರೆಯಬಹುದು, ಆದರೆ ಹಳೆಯ ಡಾಟ್ ನೆಟ್ ಫ್ರೇಮ್‌ವರ್ಕ್‌ನಲ್ಲಿ ಅದು ಓಡುವುದಿಲ್ಲ. ಹೊಸ ಕೆಲಸಕ್ಕೆ ಹೊಸ ಇಂಟರ್‌ಫೇಸ್ ಮಾಡುವುದೇ ಒಳ್ಳೆಯದು.

ಹಾಗಂತ ಎಲ್ಲದಕ್ಕೂ ಇಂಟರ್‌ಫೇಸ್ ಬೇಡ. ಹೊರಗಿನ ಪ್ರಪಂಚವನ್ನು ಮುಟ್ಟುವ ಕಡೆ ಸಾಕು: ಮನುಷ್ಯರು, ಡಿಸ್ಕ್, ನೆಟ್‌ವರ್ಕ್, ಗಡಿಯಾರ. ಗಡಿಯಾರಕ್ಕೆ ಡಾಟ್ ನೆಟ್ 8ರಲ್ಲಿ ಟೈಮ್‌ಪ್ರೊವೈಡರ್ ಅನ್ನುವ ಕ್ಲಾಸ್ ಬಂದಿದೆ, ಆ ಆವೃತ್ತಿ ಬಳಸುವವರು ತಾವೇ ಬರೆಯಬೇಕಿಲ್ಲ. ಅಕ್ಷರಗಳನ್ನು ಕತ್ತರಿಸಿ ಜೋಡಿಸುವ ಕ್ಲಾಸ್‌ಗೆ ಇಂಟರ್‌ಫೇಸ್ ಬರೆದರೆ ಓದುವವರಿಗೆ ಒಂದು ಫೈಲ್ ಜಾಸ್ತಿ ಅಷ್ಟೇ.

ಹಿನ್ನೆಲೆ ಕೆಲಸ ಮತ್ತು ಸ್ಕ್ರೀನ್ ಥ್ರೆಡ್

ಒಂದು ಬಟನ್ ಅಥವಾ ಟೆಕ್ಸ್ಟ್‌ಬಾಕ್ಸನ್ನು ಅದನ್ನು ಹುಟ್ಟಿಸಿದ ಥ್ರೆಡ್ (ಪ್ರೋಗ್ರಾಮ್ ಒಳಗೆ ತನ್ನಷ್ಟಕ್ಕೆ ಓಡುವ ಕೆಲಸದ ಎಳೆ) ಮಾತ್ರ ಮುಟ್ಟಬೇಕು. ಹಿನ್ನೆಲೆಯ ಥ್ರೆಡ್‌ನಿಂದ ಮುಟ್ಟಿದರೆ ಎಕ್ಸೆಪ್ಶನ್ ಬರಬಹುದು. ಅದಕ್ಕೆ ಪ್ರತಿ ಫಾರ್ಮ್‌ನಲ್ಲೂ (ವಿನ್‌ಫಾರ್ಮ್ಸ್‌ನ ವಿಂಡೋ) ಇನ್‌ವೋಕ್‌ರಿಕ್ವೈರ್ಡ್ ಅಂತ ನೋಡಿ ಇನ್‌ವೋಕ್ ಮಾಡುವ, ಅಂದರೆ ಕೆಲಸವನ್ನು ಸ್ಕ್ರೀನ್ ಥ್ರೆಡ್‌ಗೆ ಕಳಿಸುವ, ನಾಲ್ಕು ಸಾಲು ಬರೆಯುತ್ತೇವೆ. ಅದನ್ನು ಲೈಬ್ರರಿಗೆ ತರುವಾಗ ಹಾಗೇ ತಂದರೆ ವಿನ್‌ಫಾರ್ಮ್ಸ್‌ಗೆ ಕಟ್ಟಿಬಿದ್ದ ಹಾಗೆ.

ಇದಕ್ಕೆ ಡಾಟ್ ನೆಟ್‌ನಲ್ಲೇ ಉತ್ತರ ಇದೆ. ಹಿನ್ನೆಲೆ ಕೆಲಸ ಮಾಡುವ ಮೆಥಡ್, ಎಷ್ಟು ಮುಗಿಯಿತು ಅಂತ ವರದಿ ಮಾಡಲು ಐಪ್ರೋಗ್ರೆಸ್ ಅನ್ನುವ ಇಂಟರ್‌ಫೇಸನ್ನು ಪ್ಯಾರಾಮೀಟರ್ ಆಗಿ ತೆಗೆದುಕೊಳ್ಳಲಿ, ಜೊತೆಗೆ ಕೆಲಸ ನಿಲ್ಲಿಸು ಅಂತ ಹೇಳಲು ಒಂದು ಕ್ಯಾನ್ಸಲೇಷನ್ ಟೋಕನ್. ಸ್ಕ್ರೀನ್ ಕಡೆಯವರು ಪ್ರೋಗ್ರೆಸ್ ಕ್ಲಾಸನ್ನು ಸ್ಕ್ರೀನ್ ಥ್ರೆಡ್‌ನಲ್ಲೇ ಹುಟ್ಟಿಸಿ ಕೊಡುತ್ತಾರೆ. ಹುಟ್ಟಿದ ಕ್ಷಣದಲ್ಲೇ ಅದು ಆ ಥ್ರೆಡ್‌ನ ಸಿಂಕ್ರೊನೈಸೇಷನ್ ಕಾಂಟೆಕ್ಸ್ಟ್ (ಆ ಥ್ರೆಡ್‌ಗೆ ಕೆಲಸ ತಲುಪಿಸುವ ದಾರಿ) ಹಿಡಿದಿಟ್ಟುಕೊಳ್ಳುತ್ತದೆ, ನೀವು ಎಲ್ಲಿಂದ ವರದಿ ಮಾಡಿದರೂ ಅಲ್ಲಿಗೇ ತಲುಪಿಸುತ್ತದೆ. ವಿನ್‌ಫಾರ್ಮ್ಸ್ ಆದರೂ ಸರಿ, ಡಬ್ಲ್ಯೂಪಿಎಫ್ ಆದರೂ ಸರಿ. ಕೋರ್‌ನಲ್ಲಿ ಸ್ಕ್ರೀನ್ ಇದೆ ಅನ್ನುವ ಸುಳಿವೂ ಇರುವುದಿಲ್ಲ.

ವರದಿ ಮಾಡುವುದಕ್ಕೂ ಮಿತಿ ಇರಲಿ. 10,000 ಫೈಲ್ ಓದುವಾಗ ಪ್ರತಿ ಫೈಲ್‌ಗೂ ಒಂದು ವರದಿ ಕಳಿಸಿದರೆ ಸ್ಕ್ರೀನ್ ಥ್ರೆಡ್ ಅದನ್ನು ತೋರಿಸುವುದರಲ್ಲೇ ಮುಳುಗಿಹೋಗುತ್ತದೆ. 100 ಮಿಲಿಸೆಕೆಂಡ್‌ಗೆ ಒಂದು ಸಾಕು, ಕೊನೆಯದನ್ನು ಮಾತ್ರ ತಪ್ಪದೆ ಕಳಿಸಿ. ಹುಡುಕುವ ಬಾಕ್ಸ್‌ಗೆ ಡಿಬೌನ್ಸರ್ ಕೂಡ ಇದೇ ಜಾತಿಯದು: ಕೊನೆಯ ಕೀ ಒತ್ತಿ 300 ಮಿಲಿಸೆಕೆಂಡ್ ಆದಮೇಲೆ ಹುಡುಕು, ಅಷ್ಟರಲ್ಲಿ ಇನ್ನೊಂದು ಕೀ ಬಂದರೆ ಹಳೆಯದನ್ನು ರದ್ದು ಮಾಡು.

ಲೈಬ್ರರಿಯೊಳಗೆ ಅವೇಟ್ ಮಾಡುವ (ಇನ್ನೊಂದು ಕೆಲಸ ಮುಗಿಯಲೆಂದು ಕಾಯುವ) ಕಡೆಯೆಲ್ಲ ಕಾನ್ಫಿಗರ್‌ಅವೇಟ್ ಫಾಲ್ಸ್ ಹಾಕಿ, ಆಗ ಕೋಡ್ ಹಳೆ ಥ್ರೆಡ್‌ಗೇ ವಾಪಸ್ ಬರಬೇಕಿಲ್ಲ. ಹಾಕದಿದ್ದರೆ ಹೀಗಾಗಬಹುದು. ಬಳಸುವವರು ಸ್ಕ್ರೀನ್ ಥ್ರೆಡ್‌ನಲ್ಲಿ ನಿಂತು ರಿಸಲ್ಟ್ ಅಂತ ಕಾಯುತ್ತಾ ಕೂತರೆ, ನಿಮ್ಮ ಕೋಡ್ ಅದೇ ಥ್ರೆಡ್‌ಗೆ ವಾಪಸ್ ಬರಲು ಕಾಯುತ್ತದೆ. ಅವರು ಇದಕ್ಕೆ, ಇದು ಅವರಿಗೆ. ಎರಡೂ ಏಳುವುದಿಲ್ಲ.

ಸ್ಕ್ರೀನ್‌ನ ಕ್ಲಾಸ್‌ಗಳು

ಯೂಸರ್ ಕಂಟ್ರೋಲ್ (ಕೆಲವು ಬಟನ್, ಬಾಕ್ಸ್ ಸೇರಿಸಿ ಮಾಡಿದ ಸ್ಕ್ರೀನ್ ತುಂಡು) ಮಾಡುವಾಗ ಒಳಗಿನ ಟೆಕ್ಸ್ಟ್‌ಬಾಕ್ಸನ್ನು ಪಬ್ಲಿಕ್ ಮಾಡಬೇಡಿ. ಬೇಕಾದ ಪ್ರಾಪರ್ಟಿ, ಬೇಕಾದ ಇವೆಂಟ್ ಮಾತ್ರ ಹೊರಗೆ ಕೊಡಿ. ಕನ್‌ಸ್ಟ್ರಕ್ಟರ್‌ನಲ್ಲಿ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಕೋಡ್) ಡೇಟಾಬೇಸ್ ತೆರೆಯಬೇಡಿ. ಕಂಟ್ರೋಲನ್ನು ಒಂದು ಫಾರ್ಮ್ ಮೇಲೆ ಇಟ್ಟಾಗ ಡಿಸೈನರ್ (ಸ್ಕ್ರೀನ್ ಜೋಡಿಸುವ ಸಾಧನ) ಕೂಡ ಆ ಕನ್‌ಸ್ಟ್ರಕ್ಟರನ್ನು ಓಡಿಸುತ್ತದೆ. ಡಿಸೈನ್‌ಮೋಡ್ ಪ್ರಾಪರ್ಟಿ ನೋಡಿ ತಪ್ಪಿಸಿಕೊಳ್ಳಬಹುದು ಅಂದುಕೊಂಡರೆ, ಕನ್‌ಸ್ಟ್ರಕ್ಟರ್ ಒಳಗೆ ಅದು ಯಾವಾಗಲೂ ಫಾಲ್ಸ್. ಅಂಥ ಕೆಲಸವನ್ನು ಲೋಡ್ ಇವೆಂಟ್‌ಗೆ ಕಳಿಸಿ, ಅಲ್ಲಿ ನೋಡಿ.

ಎಲ್ಲ ಫಾರ್ಮ್‌ಗಳಿಗೂ ಒಂದು ದೊಡ್ಡ ಬೇಸ್‌ಫಾರ್ಮ್ ಮಾಡುವ ಆಸೆ ಬರುತ್ತದೆ. ಬೇಡ ಅನ್ನುತ್ತೇನೆ. ಅದು ವರ್ಷಕ್ಕೆ ವರ್ಷ ದಪ್ಪವಾಗುತ್ತದೆ, ಒಂದು ಸಾಲು ಬದಲಿಸಿದರೆ ಎಲ್ಲ ಫಾರ್ಮ್ ನಡುಗುತ್ತವೆ. ಬದಲಿಗೆ ಒಂದೊಂದು ಕೆಲಸಕ್ಕೆ ಒಂದೊಂದು ಪುಟ್ಟ ಕ್ಲಾಸ್ ಮಾಡಿ, ಫಾರ್ಮ್‌ಗೆ ಅಂಟಿಸಿ. ವಿಂಡೋಪ್ಲೇಸ್‌ಮೆಂಟ್ ಹಾಗೆ ಮಾಡಬಹುದಾದದ್ದು: ಫಾರ್ಮ್ ಕೊಡುತ್ತೀರಿ, ಒಂದು ಹೆಸರು ಕೊಡುತ್ತೀರಿ, ಮುಚ್ಚುವಾಗ ಜಾಗ ಉಳಿಸುತ್ತದೆ, ತೆರೆಯುವಾಗ ಅಲ್ಲೇ ಕೂರಿಸುತ್ತದೆ.

ಇದರಲ್ಲೂ ಎರಡು ಹಳ್ಳಗಳಿವೆ. ವಿನ್‌ಫಾರ್ಮ್ಸ್‌ನಲ್ಲಿ ವಿಂಡೋ ಮಿನಿಮೈಸ್ ಆಗಿದ್ದಾಗ ಅದರ ಲೊಕೇಷನ್ ಕೇಳಿದರೆ -32000, -32000 ಅನ್ನುತ್ತದೆ. ಆ ಸ್ಥಿತಿಯಲ್ಲೇ ಮುಚ್ಚಿ ಅದನ್ನೇ ಉಳಿಸಿದರೆ ಮುಂದಿನ ಸಲ ವಿಂಡೋ ತೆರೆಯುತ್ತದೆ, ಟಾಸ್ಕ್‌ಬಾರ್‌ನಲ್ಲೂ ಕಾಣುತ್ತದೆ, ಪರದೆ ಮೇಲೆ ಮಾತ್ರ ಎಲ್ಲೂ ಇಲ್ಲ. ಹಾಗಾಗಿ ವಿಂಡೋ ಮಾಮೂಲಿ ಸ್ಥಿತಿಯಲ್ಲಿ ಇಲ್ಲದಿದ್ದರೆ ರಿಸ್ಟೋರ್‌ಬೌಂಡ್ಸ್ ಉಳಿಸಿ. ಎರಡನೆಯದು, ನಿನ್ನೆ ಎರಡನೇ ಮಾನಿಟರ್ ಮೇಲಿದ್ದ ವಿಂಡೋ. ಇವತ್ತು ಆ ಮಾನಿಟರ್ ಇಲ್ಲ. ಕೂರಿಸುವ ಮೊದಲು ಈಗಿರುವ ಎಲ್ಲ ಮಾನಿಟರ್‌ಗಳ ವರ್ಕಿಂಗ್ ಏರಿಯಾ ನೋಡಿ, ಉಳಿಸಿದ ಜಾಗ ಯಾವುದರ ಮೇಲೂ ಬೀಳದಿದ್ದರೆ ಮುಖ್ಯ ಪರದೆಯ ನಡುವೆ ತೆರೆಯಿರಿ. ಪಿಕ್ಸೆಲ್ ಲೆಕ್ಕವನ್ನೂ ನಂಬಬೇಡಿ. 100 ಪರ್ಸೆಂಟ್ ಸ್ಕೇಲ್ ಅಂದರೆ 96 ಡಿಪಿಐ (ಇಂಚಿಗೆ ಚುಕ್ಕಿಗಳು), 150 ಅಂದರೆ 144. ನಿಮ್ಮ ಪರದೆಯಲ್ಲಿ ಚೆಂದ ಕಂಡ 200 ಪಿಕ್ಸೆಲ್ ಅಗಲದ ಬಟನ್ ಅಲ್ಲಿ ಅಕ್ಷರ ನುಂಗಬಹುದು.

ಬಿಡುವುದನ್ನೂ ಬರೆಯಿರಿ

ಡೆಸ್ಕ್‌ಟಾಪ್ ಪ್ರೋಗ್ರಾಮ್ ಬೆಳಗ್ಗೆ ತೆರೆದರೆ ಸಂಜೆವರೆಗೂ ಓಡುತ್ತದೆ. ಸಣ್ಣ ಸೋರಿಕೆಯೂ ಸಂಜೆ ಹೊತ್ತಿಗೆ ದೊಡ್ಡದಾಗುತ್ತದೆ. ಒಂದು ಇವೆಂಟ್‌ಗೆ ಫಾರ್ಮ್ ಸೇರಿಕೊಂಡರೆ, ಇವೆಂಟ್ ಇಟ್ಟುಕೊಂಡ ಆಬ್ಜೆಕ್ಟ್ ಆ ಫಾರ್ಮನ್ನು ಹಿಡಿದುಕೊಂಡೇ ಇರುತ್ತದೆ. ಸ್ಟ್ಯಾಟಿಕ್ ಇವೆಂಟ್ ಆದರೆ ಪ್ರೋಗ್ರಾಮ್ ಮುಗಿಯುವವರೆಗೂ ಬಿಡುವುದಿಲ್ಲ. ಲೈಬ್ರರಿಯಲ್ಲಿ ಯಾವುದಕ್ಕಾದರೂ ಸೇರಿಕೊಳ್ಳುವ ಮೆಥಡ್ ಕೊಟ್ಟರೆ ಅದು ಐಡಿಸ್ಪೋಸಬಲ್ (ಹಿಡಿದದ್ದನ್ನು ಬಿಡು ಅಂತ ಹೇಳಬಹುದಾದ ಆಬ್ಜೆಕ್ಟ್) ವಾಪಸ್ ಕೊಡಲಿ, ಫಾರ್ಮ್ ಮುಚ್ಚುವಾಗ ಅದನ್ನು ಡಿಸ್ಪೋಸ್ ಮಾಡಲಿ.

ಶೋಡೈಲಾಗ್ ಕರೆದು ತೆರೆದ ಫಾರ್ಮ್ ಮುಚ್ಚಿದರೂ ತಾನಾಗಿ ಡಿಸ್ಪೋಸ್ ಆಗುವುದಿಲ್ಲ, ಯೂಸಿಂಗ್ (ಮುಗಿದ ಮೇಲೆ ತಾನೇ ಡಿಸ್ಪೋಸ್ ಮಾಡುವ ಬ್ಲಾಕ್) ಒಳಗೆ ಹಾಕಬೇಕು. ವಿಂಡೋಸ್ ಒಂದು ಪ್ರೋಗ್ರಾಮ್‌ಗೆ ಮಾಮೂಲಾಗಿ 10,000 ಜಿಡಿಐ ಆಬ್ಜೆಕ್ಟ್ (ಪರದೆ ಮೇಲೆ ಬಿಡಿಸಲು ಬೇಕಾದ ಪೆನ್, ಫಾಂಟ್, ಚಿತ್ರದಂಥವು) ಮಾತ್ರ ಕೊಡುತ್ತದೆ, ಅದು ಮುಗಿದ ಮೇಲೆ ಚಿತ್ರಗಳು ಮಾಯವಾಗುತ್ತವೆ, ಅರ್ಥವಾಗದ ಎಕ್ಸೆಪ್ಶನ್‌ಗಳು ಬರುತ್ತವೆ. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ಜಿಡಿಐ ಆಬ್ಜೆಕ್ಟ್ಸ್ ಕಾಲಮ್ ಹಾಕಿಕೊಳ್ಳಿ. ನಿಮ್ಮ ಡೈಲಾಗನ್ನು ಇಪ್ಪತ್ತು ಸಲ ತೆರೆದು ಮುಚ್ಚಿ. ಅಂಕಿ ಏರುತ್ತಲೇ ಹೋದರೆ ಎಲ್ಲೋ ಬಿಡದೆ ಹಿಡಿದಿದ್ದೀರಿ.

ಎಕ್ಸೆಪ್ಶನ್ ಬಗ್ಗೆ ಚಿಕ್ಕದಾಗಿ: ಬಾಗಿಲಲ್ಲೇ ಪ್ಯಾರಾಮೀಟರ್ ಪರೀಕ್ಷಿಸಿ, ತಪ್ಪಿದ್ದರೆ ಅಲ್ಲೇ ಎಸೆಯಿರಿ. ಹಿಡಿದು ನುಂಗಿ ನಲ್ ಕೊಡಬೇಡಿ. ಏನು ಮಾಡಬೇಕು ಅನ್ನುವುದು ಕರೆದವರಿಗೆ ಗೊತ್ತು, ಲೈಬ್ರರಿಗೆ ಗೊತ್ತಿಲ್ಲ.

ಕೊನೆಯ ಹಂತ: ಎರಡನೇ ಪ್ರೋಗ್ರಾಮ್

ಪ್ರತಿ ಕ್ಲಾಸ್‌ಗೂ ಟೆಸ್ಟ್ ಬರೆಯಿರಿ, ಸುಖವಾಗಿ ಓಡುವ ದಾರಿಗೆ ಮಾತ್ರ ಅಲ್ಲ. ಫೋಲ್ಡರ್ ಇಲ್ಲ, ಫೈಲ್ ಇನ್ನೊಬ್ಬರು ತೆರೆದಿದ್ದಾರೆ, ಫೈಲ್ ಖಾಲಿ ಇದೆ, ಪಾತ್ 260 ಅಕ್ಷರ (ವಿಂಡೋಸ್‌ನ ಹಳೆ ಮಿತಿ) ದಾಟಿದೆ, ಹೆಸರು ಕನ್ನಡದಲ್ಲಿದೆ. ಪ್ರತಿ ಪಬ್ಲಿಕ್ ಮೆಥಡ್ ಮೇಲೆ ಎರಡು ಸಾಲು ವಿವರಣೆ ಇರಲಿ: ಏನು ಕೊಡಬೇಕು, ಯಾವಾಗ ಎಕ್ಸೆಪ್ಶನ್ ಬರುತ್ತದೆ.

ಆಮೇಲೆ ನುಗೆಟ್ ಪ್ಯಾಕೇಜ್ (ಡಾಟ್ ನೆಟ್ ಲೈಬ್ರರಿ ಹಂಚುವ ಕಟ್ಟು) ಮಾಡಿ. ಆಫೀಸಿನ ಒಂದು ಹಂಚಿಕೆ ಫೋಲ್ಡರ್ ಕೂಡ ನುಗೆಟ್ ಮೂಲವಾಗಿ ಸಾಕು, ಸರ್ವರ್ ಬೇಕಿಲ್ಲ. ಆವೃತ್ತಿಗೆ ಮೂರು ಅಂಕಿ: ಹಳೆ ಕೋಡ್ ಮುರಿಯುವ ಬದಲಾವಣೆಗೆ ಮೊದಲನೆಯದು ಏರಲಿ, ಹೊಸದು ಸೇರಿದರೆ ಎರಡನೆಯದು, ಬಗ್ ಸರಿ ಮಾಡಿದರೆ ಮೂರನೆಯದು. ಒಂದು ಮೆಥಡ್ ತೆಗೆಯಬೇಕು ಅನಿಸಿದರೆ ಮೊದಲು ಆಬ್ಸಲೀಟ್ (ಇನ್ನು ಬಳಸಬೇಡಿ ಅನ್ನುವ) ಗುರುತು ಹಾಕಿ, ಬದಲಿಗೆ ಯಾವುದನ್ನು ಬಳಸಬೇಕು ಅಂತ ಅದರಲ್ಲೇ ಬರೆಯಿರಿ.

ಈಗ ಲೈಬ್ರರಿಯನ್ನು ಇನ್ನೊಂದು ಪ್ರೋಗ್ರಾಮ್‌ಗೆ ಹಾಕಿ. ಸಾಧ್ಯವಾದರೆ ನೀವಲ್ಲ, ಪಕ್ಕದಲ್ಲಿ ಕೂರುವವರು ಹಾಕಲಿ. ಅವರು ಎಲ್ಲಿ ತಡವರಿಸುತ್ತಾರೆ, ಯಾವ ಹೆಸರು ನೋಡಿ ಬೇರೆ ಏನೋ ಅಂದುಕೊಳ್ಳುತ್ತಾರೆ ಅನ್ನುವುದನ್ನು ಮಾತಾಡದೆ ನೋಡಿ, ಬರೆದುಕೊಳ್ಳಿ. ಬದಲಾಯಿಸಬೇಕಾದ ಹೆಸರುಗಳನ್ನು ಅವತ್ತೇ ಬದಲಾಯಿಸಿ, ಐದು ಪ್ರೋಗ್ರಾಮ್ ಬಳಸಲು ಶುರು ಮಾಡಿದ ಮೇಲೆ ಆಗುವುದಿಲ್ಲ.

ಅದಾದ ಮೇಲೆ ಹಳೆ ಪ್ರಾಜೆಕ್ಟ್‌ಗಳಿಗೆ ಹೋಗಿ, ಆ ಮೂರು ಕಾಪಿಗಳನ್ನು ಹುಡುಕಿ ಅಳಿಸಿ. ಒಂದು ಉಳಿದರೂ, ಆರು ತಿಂಗಳ ನಂತರ ಹೊಸದಾಗಿ ಸೇರಿದವರು ಹುಡುಕುವಾಗ ಮೊದಲು ಸಿಗುವುದು ಅದೇ ಇರಬಹುದು.